ಮೊಳೆಯ ಮೇಲಿನ ಕೆಂಪು ದಾರ

ಶಿಗ್ಗಾಂವ, ೧೭-೨-೧೯೪೪, ಗುರುವಾರ

ಅಕ್ಕೋರ ಸೈಕಲ್ ಕೆಟ್ಟಿತು. ಕೆಟ್ಟಿತು ಅನ್ನಲು ಮನಸ್ಸು ಒಪ್ಪುತ್ತಿಲ್ಲ.

ಯುದ್ಧ ಶುರುವಾದ ಮೇಲೆ ಹೊಸ ಸೈಕಲ್ ಸಿಗುತ್ತಿಲ್ಲ. ಹಳೆಯ ಕೊಳವೆ ಕೊಯ್ದು, ಬೆಸೆದು, ಅವರವರ ಅಳತೆಗೆ ಕಟ್ಟಿಕೊಡುತ್ತೇನೆ. ಹೆಂಗಸರ ಕಾಲನ್ನು ನಾನು ಅಳೆಯುವಂತಿಲ್ಲ. ಸೊಂಟದಿಂದ ಹಿಮ್ಮಡಿಯವರೆಗೆ ಅವರೇ ದಾರ ಹಿಡಿದು ಕಳಿಸುತ್ತಾರೆ. ಅದನ್ನು ಅಂಗಡಿಯ ಮೊಳೆಗೆ ತೂಗುಹಾಕುತ್ತೇನೆ.

ಇವತ್ತು ಹೆಣ್ಣುಮಕ್ಕಳ ಶಾಲೆಯ ಮಾದೇವಿ ಅಕ್ಕೋರು ಹತ್ತಿ ಕುಳಿತರು. ಸೀಟು ಪೂರ್ತಿ ಇಳಿಸಿದರೂ ಕಾಲು ಪೆಡಲಿಗೆ ಮುಟ್ಟಲಿಲ್ಲ.

"ಇದು ಯಾರ ಅಳತಿರೀ? ನನ್ನ ದಾರ ಅಲ್ಲೇ ಐತಲ್ಲ," ಎಂದು ಮೊಳೆ ತೋರಿಸಿದರು.

ನಾನು ತೆಗೆದುಕೊಂಡದ್ದು ಕೆಂಪು ದಾರ, ನನ್ನ ಹೆಂಡತಿ ಹೊನ್ನವ್ವನದು. ದಿನಾ ನೋಡುವುದು ಅದನ್ನೇ, ಕೈಯೂ ಅಲ್ಲಿಗೇ ಹೋಗಿದೆ. "ನನಗೂ ಒಂದ ಕಟ್ರಿ" ಎಂದು ತಾನೇ ಅಳೆದು ತೂಗುಹಾಕಿದ್ದಳು. "ನೀ ಸೈಕಲ್ ಹತ್ತಿದ್ರ ಊರ ಮಂದಿ ನಗ್ತಾರ" ಎಂದು ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ. ಅವತ್ತೇ ತವರಿಗೆ, ತಡಸಕ್ಕೆ ಹೋದಳು. ನಾಲ್ಕು ತಿಂಗಳಾಯಿತು. ಅಕ್ಕೋರು ಸೈಕಲ್ ಕಟ್ಟಿಕೊಡಿ ಎಂದು ಕೇಳಿದಾಗ ನಾನು ನಕ್ಕೆನೇ?

"ಹದಿನೈದು ದಿನ ತಡೀರಿ, ನಿಮಗ ಬ್ಯಾರೆ ಕಟ್ತೇನಿ," ಎಂದೆ.

"ಇದನ್ನ ಕೊಯ್ದು ಸಣ್ಣದು ಮಾಡ್ರಲ್ಲ."

"ಇದನ್ನ ಕೊಯ್ಯಾಂಗಿಲ್ರಿ."

ನಾಳೆ ತಡಸಕ್ಕೆ ಒಯ್ಯುತ್ತೇನೆ. ಸಂಜೆ ಹತ್ತಿ ನೋಡಿದೆ, ನನ್ನ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ. ಅಷ್ಟು ದಾರಿಯನ್ನೂ ನೂಕಿಕೊಂಡೇ ನಡೆಯಬೇಕು. ಹೆಂಗಸರ ಸೈಕಲ್ ನೂಕುವವನನ್ನು ಕಂಡು ಮಂದಿ ನಗುತ್ತಾರೆ. ನಗಲಿ. ಬಾಗಿಲಿಗೆ ಬಂದು ಅವಳೊಬ್ಬಳು ನಕ್ಕರೆ ಸಾಕು.