ಬುಟ್ಟಿಯಲ್ಲಿದ್ದದ್ದು ಗೆಣಸಲ್ಲ

ರೀ,

ತರಕಾರಿ ಬುಟ್ಟಿಗೆ ನೀವು ಹಾಕಿದ್ದು ಗೆಣಸಲ್ಲ, ನನ್ನ ಅಗ್ನಿಶಿಖೆ ಬಳ್ಳಿಯ ಗೆಡ್ಡೆ. ಬರೀ ವಿಷ. ಪುಣ್ಯಕ್ಕೆ ಬೇಯಿಸೋ ಮೊದಲು ನನ್ನ ಕಣ್ಣಿಗೆ ಬಿತ್ತು. ಜೊತೆಗಿದ್ದ ಆಲೂಗಡ್ಡೆಯನ್ನೂ ಎಸೆದಿದ್ದೀನಿ. ಮಗಳಿಗೆ ಮೊಟ್ಟೆ ಬೇಯಿಸಿಕೊಡಿ, ಅದಕ್ಕೆ ಮೊದಲು ಕೈಗೆ ಚೆನ್ನಾಗಿ ಸೋಪು ಹಾಕಿ.

ಬಳ್ಳಿ ಒಣಗಿದ ತಕ್ಷಣ ಸತ್ತೇಹೋಯ್ತು ಅಂತ ಕಿತ್ತುಹಾಕೋದಾ? ಹೂ ಮುಗಿದ ಮೇಲೆ ಪ್ರತಿವರ್ಷ ಅದು ಒಣಗುತ್ತೆ, ಹೊಸ ಮಳೆಗೆ ತಾನೇ ಚಿಗುರುತ್ತೆ. ಹೇಳಿದಾಗೆಲ್ಲ ಹೂಂ ಅಂತೀರಿ, ಕಿವಿ ಮಾತ್ರ ಟೀವಿ ಕಡೆ.

ಗೆಡ್ಡೆಯನ್ನ ಅದೇ ಕುಂಡದಲ್ಲಿ ಹೂತಿದ್ದೀನಿ. ನೀರು ಹಾಕಬೇಡಿ, ಕೆದಕಬೇಡಿ.

ಈಗಷ್ಟೇ ಪಾಳಿ ಮುಗಿಸಿ ಬಂದವಳು ಮತ್ತೊಂದು ಪಾಳಿಗೆ ಹೊರಟಿದ್ದೀನಿ. ಬೈಯೋಕೂ ತ್ರಾಣವಿಲ್ಲ. ಈ ಮನೇಲಿ ಸುಮ್ಮನೆ ಮಲಗೋ ಯೋಗ ಇರೋದು ಆ ಗೆಡ್ಡೆಯೊಂದಕ್ಕೇ. ಅದನ್ನಾದರೂ ಎಬ್ಬಿಸಬೇಡಿ.