ಕಪಾಟಿನಲ್ಲಿ ನಿಂತಿರುವ ಕಾಲು

ಸೇವಾ ಸಂಘದ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮನ ಎಡಗಾಲು ನಿಮ್ಮ ಸಂಘದ ಕಚೇರಿಯ ಕಪಾಟಿನಲ್ಲಿದೆ. ಅದಕ್ಕೆ ಬೀಗ ಹಾಕಿದ್ದೀರಿ. ಕಾಲು ಸಿದ್ಧವಾಗಿದೆ, ಅಳತೆ ಸರಿಯಾಗಿದೆ, ಅದನ್ನು ಹಾಕಿಕೊಳ್ಳಬೇಕಾದವನೂ ಮನೆಯಲ್ಲಿ ಸಿದ್ಧನಾಗಿ ಕೂತಿದ್ದಾನೆ. ಸಿದ್ಧವಿಲ್ಲದಿರುವುದು ಮುಖ್ಯ ಅತಿಥಿಗಳ ದಿನಾಂಕ ಒಂದೇ. ಅದು ಸಿಗುವ ತನಕ ಕಾಲು ಕಪಾಟಿನೊಳಗೆ ನಿಂತಿರಬೇಕು, ಮನುಷ್ಯ ಹೊರಗೆ ಕೂತಿರಬೇಕು ಎಂಬುದು ನಿಮ್ಮ ಸಂಘದ ತೀರ್ಮಾನ. ಆ ತೀರ್ಮಾನವನ್ನು ಬದಲಿಸಿ ಎಂದು ಕೇಳಲು ಈ ಪತ್ರ.

ನಾನು ಶಾಲೆಗೆ ಹೋದವಳಲ್ಲ. ಬ್ರೆಡ್ಡಿನ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾ, ಕಟ್ಟುವ ಹಳೇ ಪತ್ರಿಕೆಗಳ ದಪ್ಪಕ್ಷರ ಕೂಡಿಸಿಕೊಂಡು ಓದು ಕಲಿತವಳು. ಇದುವರೆಗೆ ಬರೆದದ್ದೆಲ್ಲ ತಂಗಿಗೆ, ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ. ಔಷಧಿ ತಗೊಂಡೆಯಾ, ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಊಟ ಬಿಡಬೇಡ, ಇಂಥ ಕಾಗದಗಳು. ಅಧ್ಯಕ್ಷರಿಗೆ ಬರೆಯುವ ಧಾಟಿ ನನಗೆ ಗೊತ್ತಿಲ್ಲ. ನಡುವೆ ಎಲ್ಲಾದರೂ ಸಲಿಗೆ ಹೆಚ್ಚಾದರೆ, ಸ್ವಂತ ದೊಡ್ಡಮ್ಮ ಬೈದಳು ಎಂದುಕೊಂಡು ಮುಂದಕ್ಕೆ ಓದಿ.

ನನ್ನ ತಮ್ಮ ಕ್ಷೌರಿಕ. ಪೇಟೆ ಬೀದಿಯ ಕಟಿಂಗ್ ಶಾಪಿನಲ್ಲಿ ಮೂರು ಕುರ್ಚಿಗಳಿವೆ, ಕಿಟಕಿಯ ಪಕ್ಕದ್ದು ಅವನದು. ಅವನದು ಅಂದರೆ ಕೂರುವುದಕ್ಕಲ್ಲ, ಅದರ ಸುತ್ತ ನಿಲ್ಲುವುದಕ್ಕೆ. ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ಮಾಯಲಿಲ್ಲ, ವೈದ್ಯರು ಮೊಣಕಾಲಿನ ಕೆಳಗೆ ಕಾಲು ತೆಗೆದರು. ಕ್ಷೌರಿಕನ ಕಂಕುಳಿಗೆ ಊರುಗೋಲು ಕೊಟ್ಟರೆ ಏನಾಗುತ್ತದೆಂದು ಒಮ್ಮೆ ಯೋಚಿಸಿ ನೋಡಿ. ಎರಡು ಕೈಯೂ ಕೋಲಿಗೇ ಹೋಯಿತು. ಕತ್ತರಿ ಯಾರು ಹಿಡಿಯಬೇಕು, ಬಾಚಣಿಗೆ ಯಾರು? ಎತ್ತರದ ಸ್ಟೂಲಿನ ಮೇಲೆ ಕೂತು, ತಾನು ಸುತ್ತುವ ಬದಲು ಕುರ್ಚಿಯಲ್ಲಿರುವ ಗಿರಾಕಿಯನ್ನೇ ತಿರುಗಿಸಿ ನೋಡಿದ. ಕುರ್ಚಿಯಲ್ಲಿ ಕೂತಿದ್ದ ತರಕಾರಿ ಅಂಗಡಿಯವರು, "ಏನಣ್ಣಾ, ಕಟಿಂಗ್‌ಗೆ ಬಂದೋನ್ನ ಬುಗುರಿ ಮಾಡ್ಬಿಟ್ಯಲ್ಲ!" ಎಂದರು. "ತಲೆ ತಿರುಗಿದ್ರೆ ಹೇಳಿ, ಅದಕ್ಕೆ ಬೇರೆ ಚಾರ್ಜ್ ಇಲ್ಲ" ಎಂದ ಇವನು. ಅಂಗಡಿಯೆಲ್ಲ ನಕ್ಕಿತು. ಆದರೆ ಆ ಪುಣ್ಯಾತ್ಮರ ಕಿವಿಯ ಹಿಂದೆ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಉಳಿಯಿತು. ಅವರು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದದ್ದೇ ಇವನಿಗೆ ತಡೆಯಲಾಗಲಿಲ್ಲ. ಮಾರನೆಯ ದಿನದಿಂದ ಅಂಗಡಿಯ ಕಡೆ ಹೋಗಲಿಲ್ಲ.

ಅಂಗಡಿ ಮಾಲೀಕ ಕೆಟ್ಟವನಲ್ಲ. ಮನೆಗೇ ಬಂದು ಹೇಳಿದ: "ಅಕ್ಕಾ, ನಾನೂ ಬಾಡಿಗೆ ಕಟ್ಬೇಕು. ಕುರ್ಚಿ ಖಾಲಿ ಇಟ್ಕೊಂಡು ಎಷ್ಟು ದಿನ ಅಂತ ಕೂರ್ಲಿ? ಬರೋ ತಿಂಗಳು ಹೊಸಬ ಬರ್ತಾನೆ. ಅಷ್ಟರಲ್ಲಿ ಇವ್ನು ನಿಂತ್ಕೊಂಡು ಕೆಲ್ಸ ಮಾಡೋ ಹಾಗಾದ್ರೆ ಕುರ್ಚಿ ಇವನ್ದೇ. ಇಲ್ಲಾಂದ್ರೆ ನನ್ನ ಬೈಬೇಡಿ." ಬೈಯಲು ನನಗೆ ಬಾಯಿ ಎಲ್ಲಿದೆ? ಬರುವ ತಿಂಗಳು ಎನ್ನುವುದು ಈಗ ಬಾಗಿಲಿಗೇ ಬಂದಿದೆ.

ನಿಮ್ಮ ಸಂಘ ನಮಗೆ ಉಪಕಾರ ಮಾಡಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕಾಲಿನ ಖರ್ಚು ನೀವೇ ಹೊತ್ತಿರಿ. ಅಳತೆಯವರನ್ನು ಮನೆಗೆ ಕಳಿಸಿದಿರಿ. ಬಸ್ ನಿಲ್ದಾಣದಲ್ಲಿ ಬೆಂಚು ಹಾಕಿಸಿದ್ದೀರಿ, ಅದರಲ್ಲಿ ನಾನೂ ಎಷ್ಟೋ ಸಲ ಕೂತಿದ್ದೇನೆ. ಒರಗುವ ಹಲಗೆಯ ತುಂಬ ದಾನಿಗಳ ಹೆಸರು ಕೆತ್ತಿಸಿರುವುದರಿಂದ ಎದ್ದಾಗ ಬೆನ್ನು ಸ್ವಲ್ಪ ಚುರುಗುಟ್ಟುತ್ತದೆ, ಅಷ್ಟೇ. ರಕ್ತದಾನ ಮಾಡಿಸುತ್ತೀರಿ, ಕಣ್ಣು ಪರೀಕ್ಷೆ ಮಾಡಿಸುತ್ತೀರಿ. ಇದೆಲ್ಲ ಸುಳ್ಳಲ್ಲ. ಅದಕ್ಕೇ ಈ ಪತ್ರ ಬರೆಯಲು ಇಷ್ಟು ನಾಚಿಕೆ. ಕೊಟ್ಟವರನ್ನು ದೂರುವುದು ನಮ್ಮ ಮನೆಯಲ್ಲಿ ಯಾರೂ ಮಾಡಿದ ಕೆಲಸವಲ್ಲ.

ಅಳತೆಯವರು, "ಯಾವ ಬೂಟು ಹಾಕ್ತೀರೋ ಅದನ್ನೇ ತನ್ನಿ, ಹಿಮ್ಮಡಿ ಎತ್ತರಕ್ಕೆ ಕಾಲು ಕೂರಿಸ್ಬೇಕು" ಎಂದರು. ಹೊಸ ಬೂಟು ಕೊಂಡೆವು. ಅಂಗಡಿಯಲ್ಲಿ ತಮ್ಮ, "ಅಕ್ಕಾ, ಎಡಗಾಲಿಂದು ಸವೆಯೋದೇ ಇಲ್ಲ ಬಿಡು, ಅರ್ಧ ಉಳಿತಾಯ" ಎಂದು ನನ್ನನ್ನು ನಗಿಸಿದ. ಕಾಲು ಸಿದ್ಧವಾಯಿತು, ಸಮಾರಂಭ ಗೊತ್ತಾಯಿತು. ಸಮಾರಂಭದಲ್ಲಿ ಹೇಗೆ ಬರಬೇಕು, ಹೇಗೆ ನಡೆಯಬೇಕು ಎಂದು ತಾಲೀಮಿಗೆ ನಿಮ್ಮ ಸಭಾಂಗಣಕ್ಕೆ ಕರೆಸಿದಿರಿ. ನಾನೂ ಹೋಗಿದ್ದೆ. ನೀವು ಮೊದಲ ಸಾಲಿನಲ್ಲಿ ಕೂತಿದ್ದಿರಿ, ನೆನಪಿರಬಹುದು.

ವೇದಿಕೆಯ ಮೇಲೆ ಅವನಿಗೆ ಕಾಲು ತೊಡಿಸಿದರು, ಬೂಟು ಹಾಕಿದರು. ಎದ್ದು ನಿಂತ. ಒಂದು ಗಳಿಗೆ ಪರದೆ ಹಿಡಿದುಕೊಂಡ, ಆಮೇಲೆ ಬಿಟ್ಟ. ನಡೆದ ಅಧ್ಯಕ್ಷರೇ. ಆ ತುದಿಗೆ ಹೋಗಿ, ತಿರುಗಿ, ನಾನು ಕೂತ ಕಡೆ ನೋಡಿದ. ಚಿಕ್ಕಂದಿನಲ್ಲಿ ಅವನಿಗೆ ನಡಿಗೆ ಕಲಿಸಿದವಳು ನಾನು. ಆಗಲೂ ಹೀಗೇ ತಿರುಗಿ ನೋಡುತ್ತಿದ್ದ. ನನಗೆ ಅಳು ಬಂತು. ನಿಮ್ಮ ಕಾರ್ಯದರ್ಶಿಗಳಿಗೆ ಮಾತ್ರ ಚಿಂತೆ ಹತ್ತಿತು.

"ಇಷ್ಟು ಚೆನ್ನಾಗಿ ನಡೆದ್ರೆ ಹೇಗ್ರೀ? ಮುಖ್ಯ ಅತಿಥಿ ಸಾಹೇಬ್ರು ಕೈ ಹಿಡಿಯೋಕೆ ಒಂದು ಅವಕಾಶ ಬೇಕಲ್ಲ. ಮೊದಲ್ನೇ ಹೆಜ್ಜೇಲಿ ಸ್ವಲ್ಪ ವಾಲಿ."

"ಎಷ್ಟು ವಾಲ್ಬೇಕು ಸಾರ್?" ಎಂದು ತಮ್ಮ ಕೇಳಿದ. ಅವನು ಗೇಲಿ ಮಾಡಲಿಲ್ಲ. ಗಿರಾಕಿ ಕೇಳಿದಷ್ಟೇ ಕತ್ತರಿಸಿ ಅಭ್ಯಾಸ, ನಿಜವಾಗಿಯೂ ಕೇಳಿದ. ವಾಲಿಯೂ ತೋರಿಸಿದ. ನೀವು ಚಪ್ಪಾಳೆ ತಟ್ಟಿದಿರಿ.

ಅಷ್ಟರಲ್ಲಿ ಫೋನ್ ಬಂತು. ಮುಖ್ಯ ಅತಿಥಿಗಳಿಗೆ ಬೇರೆ ಕೆಲಸ ಬಿದ್ದಿದೆ, ಸಮಾರಂಭ ಮುಂದಕ್ಕೆ ಹೋಯಿತು ಎಂದರು. ಕಾರ್ಯದರ್ಶಿಗಳು ತಮ್ಮನ ಹತ್ತಿರ ಬಂದು ಬಹಳ ಮರ್ಯಾದೆಯಿಂದ, "ಹಾಗಾದ್ರೆ ಸದ್ಯಕ್ಕೆ ಬಿಚ್ಚಿ ಕೊಟ್ಬಿಡಿ" ಎಂದರು.

ಅವನು ಕೂತ. ಪಟ್ಟಿ ಸಡಿಲಿಸಿದ. ಜೇಬಿನಿಂದ ಕರವಸ್ತ್ರ ತೆಗೆದು, ಕಟಿಂಗ್ ಮುಗಿದ ಮೇಲೆ ಗಿರಾಕಿಯ ಕತ್ತು ಒರೆಸುತ್ತಾನಲ್ಲ ಹಾಗೆ, ಆ ಕಾಲನ್ನು ಮೇಲಿಂದ ಕೆಳಗೆ ಒರೆಸಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟ. "ಹುಷಾರು ಸಾರ್, ಪಟ್ಟಿ ಕಿತ್ತುಹೋದಾತು" ಎಂದ. ಬೂಟು ಅದರಲ್ಲೇ ಇತ್ತು. ತೆಗೆಯುವುದು ಅವರಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದು, "ಅಕ್ಕಾ, ಯಾರಾದ್ರೂ ನೋಡಿದ್ರಾ?" ಎಂದು ಕೇಳಿದ. ಯಾರೂ ನೋಡಲಿಲ್ಲ ಕಣೋ ಎಂದೆ. ಸಭಾಂಗಣದ ತುಂಬ ನಿಮ್ಮ ಸದಸ್ಯರಿದ್ದರು.

ಎರಡನೆಯ ದಿನಾಂಕವೂ ತಪ್ಪಿದ ಮೇಲೆ ನಾನು ಕಚೇರಿಗೆ ಹೋದೆ. ಜಗಳ ಆಡಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಕಾರ್ಯದರ್ಶಿಗಳು ಕುರ್ಚಿ ಕೊಟ್ಟರು, ನೀರು ಕೊಟ್ಟರು, "ನಿಮ್ಮ ನಂಬಿಕೆಗಾಗಿ ತೋರಿಸ್ತೀನಮ್ಮ" ಎಂದು ಕಪಾಟು ತೆರೆದರು. ಬಹುಮಾನದ ಕಪ್‌ಗಳು, ಹಾರಗಳ ಡಬ್ಬ, ಸುತ್ತಿಟ್ಟ ಬ್ಯಾನರು, ಅವುಗಳ ನಡುವೆ ನನ್ನ ತಮ್ಮನ ಕಾಲು ನಮ್ಮ ಬೂಟು ತೊಟ್ಟು ನಿಂತಿತ್ತು. ಮೊಣಕಾಲಿನ ಹತ್ತಿರ ಕೆಂಪು ರಿಬ್ಬನ್ ಕಟ್ಟಿದ್ದರು. "ಧೂಳು ಕೂರದ ಹಾಗೆ ನಾನೇ ಒರೆಸ್ತೀನಿ" ಎಂದರು. ಮತ್ತೆ ಬೀಗ ಹಾಕಿದರು. ಆಗ ನಾನು ಏನು ಮಾಡಿದೆ ಗೊತ್ತೇ? ಎರಡೂ ಕೈ ಮುಗಿದು, "ತುಂಬಾ ಉಪಕಾರ ಆಯ್ತು ಸ್ವಾಮಿ" ಎಂದು ಹೇಳಿ ಬಂದೆ. ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಪಡೆಯುವವರ ಬಾಯಿಗೆ ಆ ಒಂದು ಮಾತು ಎಷ್ಟು ರೂಢಿಯಾಗಿದೆಯೆಂದರೆ, ಎದುರಿಗೇ ಬೀಗ ಹಾಕಿದರೂ ಅದೇ ಬರುತ್ತದೆ. ಮನೆಗೆ ಬಂದು ತಮ್ಮನ ಮುಖ ನೋಡಲಾಗದೆ ಪಾತ್ರೆ ತೊಳೆಯುತ್ತಾ ನಿಂತೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಕಾರ್ಯದರ್ಶಿಗಳು ಒಂದು ಮಾತು ಹೇಳಿದ್ದರು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. "ಅಮ್ಮಾ, ಜನ ಸುಮ್ನೆ ಕೊಡಲ್ಲ, ಕಣ್ಣಾರೆ ಕಂಡ್ರೆ ಕೊಡ್ತಾರೆ. ನಿಮ್ಮ ತಮ್ಮ ವೇದಿಕೆ ಮೇಲೆ ಎದ್ದು ನಿಂತಿದ್ದು ನೋಡಿದ್ರೆ ಇನ್ನೂ ನಾಲ್ಕು ಜನಕ್ಕೆ ಕಾಲು ಬರುತ್ತೆ." ಈ ಮಾತು ನನ್ನನ್ನು ಎಷ್ಟೋ ದಿನ ಸುಮ್ಮನಿರಿಸಿತು. ನಮ್ಮ ಅವಸರದಿಂದ ಬೇರೆ ನಾಲ್ಕು ಮನೆಯವರ ದಾರಿಗೆ ಅಡ್ಡ ಬರುತ್ತೇನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು. ಆ ನಾಲ್ವರ ಕಾಲುಗಳೂ ಬಂದು ನಿಲ್ಲುವುದು ಇದೇ ಕಪಾಟಿನಲ್ಲಿ ಅಲ್ಲವೇ? ಅವರ ಅಕ್ಕಂದಿರೂ ಬಂದು ಇದೇ ಕುರ್ಚಿಯಲ್ಲಿ ಕೂತು, ನೀರು ಕುಡಿದು, ಕೈ ಮುಗಿದು ಹೋಗಬೇಕಲ್ಲವೇ? ಕಾಲು ಕೊಡಲು ಹಣ ಬೇಕು, ಹಣ ಬರಲು ಸಮಾರಂಭ ಬೇಕು, ಸಮಾರಂಭ ಕಳೆಗಟ್ಟಲು ಕಾಲಿಲ್ಲದವನು ಅಲ್ಲಿಯವರೆಗೂ ಕಾಲಿಲ್ಲದೆ ಇರಬೇಕು. ಈ ಲೆಕ್ಕದಲ್ಲಿ ಎಲ್ಲಿ ಎಡವಿದ್ದೀರಿ ಎಂದು ನಿಮಗೆ ನಿಜವಾಗಿಯೂ ಕಾಣುವುದಿಲ್ಲವೇ?

ಇನ್ನೊಂದು ವಿಷಯ. ನಿಮ್ಮ ಸಂಘ ವೃದ್ಧಾಶ್ರಮಕ್ಕೆ ಹೋಗುವಾಗಲೆಲ್ಲ ಅಲ್ಲಿನ ಅಜ್ಜಂದಿರಿಗೆ ಪುಕ್ಕಟೆ ಕಟಿಂಗ್ ಮಾಡುತ್ತಿದ್ದವನು ಇದೇ ನನ್ನ ತಮ್ಮ. ನೀವು ಅಧ್ಯಕ್ಷರಾಗಿ ಹೊಸಬರು, ನಿಮಗೆ ತಿಳಿಯದಿರಬಹುದು. ಸ್ವಂತ ಕತ್ತರಿ, ಸ್ವಂತ ಬಟ್ಟೆ, ಅವನದೇ ಬಸ್ ಖರ್ಚು. ಅರ್ಧ ತಲೆಗೆ ಕಟಿಂಗ್ ಮಾಡಿ, "ಉಳಿದರ್ಧ ಮುಖ್ಯ ಅತಿಥಿಗಳು ಬಂದ ಮೇಲೆ" ಎಂದು ಅವನು ಯಾರನ್ನೂ ಕೂರಿಸಿದ್ದಿಲ್ಲ.

ಈ ಪತ್ರ ಬರೆಯುವುದನ್ನು ಅವನಿಗೆ ಹೇಳಿದೆ. "ಬೇಡ ಅಕ್ಕಾ, ಕೊಡೋರಿಗೆ ಬೇಜಾರಾಗುತ್ತೆ" ಎಂದ. "ನಿನ್ನ ಕುರ್ಚಿ ಹೋಗುತ್ತಲ್ಲೋ" ಎಂದೆ. ಕೊನೆಗೆ, "ಬರಿ. ಆದ್ರೆ ಬೈಬೇಡ. ಆ ಕಾರ್ಯದರ್ಶಿ ಒಳ್ಳೇವ್ರು, ದಿನಾ ಒರೆಸ್ತಾರಂತೆ" ಎಂದ.

ಅದಕ್ಕೇ ಬೈಯುವುದಿಲ್ಲ, ಕೇಳುತ್ತೇನೆ. ಈ ವಾರದೊಳಗೆ ಕಪಾಟು ತೆರೆದು ಕಾಲನ್ನು ಮನೆಗೆ ಕಳಿಸಿ. ರಿಬ್ಬನ್ ನೀವೇ ಇಟ್ಟುಕೊಳ್ಳಿ. ಮುಖ್ಯ ಅತಿಥಿಗಳು ಯಾವತ್ತು ಬಂದರೂ ಸರಿ, ನನ್ನ ತಮ್ಮ ಅಂಗಡಿಯಿಂದ ಸಭಾಂಗಣಕ್ಕೆ ನಡೆದೇ ಬರುತ್ತಾನೆ, ಫೋಟೋಕ್ಕೆ ನಿಲ್ಲುತ್ತಾನೆ, ನಾಲ್ಕು ಜನರ ಕಾಲಿಗಾಗಿ ನಿಮ್ಮ ಜೊತೆ ನಿಂತು ಜನರನ್ನು ಬೇಡುತ್ತಾನೆ. ಬೇಕೆಂದರೆ ಒಂದು ಸಲ ವಾಲುತ್ತಾನೆ ಕೂಡ, ಅವನಿಗೆ ಕಲಿಸಿಯೇ ಇದ್ದೀರಿ. ಇನ್ನು ಮುಂದೆ ಯಾರಿಗೆ ಏನೇ ಕೊಡುವುದಿದ್ದರೂ ಸಿದ್ಧವಾದ ದಿನವೇ ಕೊಡುತ್ತೇವೆ ಎಂದು ಸಂಘದಲ್ಲಿ ಒಂದು ಮಾತು ಗೊತ್ತುಮಾಡಿ.

ಇದಾವುದೂ ಆಗುವುದಿಲ್ಲ, ದಿನಾಂಕ ಸಿಗುವವರೆಗೆ ಕಾಯಲೇಬೇಕು ಎಂದಾದರೆ, ಕಾಲು ನಿಮ್ಮಲ್ಲೇ ಇರಲಿ. ಅದು ನೀವು ಕೊಡುವ ವಸ್ತು, ಯಾವಾಗ ಕೊಡಬೇಕೆಂಬುದು ನಿಮಗೆ ಬಿಟ್ಟದ್ದು. ಆದರೆ ಆ ಬೂಟನ್ನು ಬಿಚ್ಚಿ ವಾಪಸು ಕೊಡಿ. ಅದರ ಜೋಡಿ ನಮ್ಮ ಬಾಗಿಲ ಹಿಂದೆ ಒಂಟಿಯಾಗಿದೆ. ಅದನ್ನು ನಮಗೆ ಯಾರೂ ದಾನ ಮಾಡಲಿಲ್ಲ, ನಾವೇ ಕೊಂಡದ್ದು.

ಇಂತಿ,
ನಿಮ್ಮ ಕಪಾಟಿಗೆ ಕೈ ಮುಗಿದು ಬಂದವಳು,
ಕ್ಷೌರಿಕನ ಅಕ್ಕ