ಅಮೋಘಿಯ ಕಾರು, ನನ್ನ ರೈಲು

ಸೊಸೆ ಸುವರ್ಣಾಗೆ,

ಕಳ್ಳಕವಟಗಿಯ ನಮ್ಮ ಮನೆತನದ ಹಿರಿಯಳು, ನಿನ್ನ ಅತ್ತೆ ಸಾವಂತ್ರವ್ವ, ಪುಣೆಯಿಂದ ಬರೆಯುವುದು. ಬಸುರಿ ಮೊಮ್ಮಗಳು ಗೀತಾಂಜಲಿಯ ಕುಬಸದಲ್ಲಿ ಮೊದಲ ಉಡಿ ನಾನೇ ತುಂಬಬೇಕು, ಮುಹೂರ್ತ ತಪ್ಪಬಾರದು ಎಂದು ಸೊಲ್ಲಾಪುರದಲ್ಲಿ ವೇಗದ ರೈಲು ಹತ್ತಿದೆ. ಎದುರು ನಿಂತರೆ ಸಾಕು, ಅದರ ಬಾಗಿಲು ತಾನೇ ಸರಿದು ದಾರಿ ಬಿಡುತ್ತದೆ. ಅಷ್ಟು ಮರ್ಯಾದೆ ನಮ್ಮ ಮನೆಯಲ್ಲೂ ಇಲ್ಲ. "ರೈಲಿಗಿಂತ ನನ್ನ ಕಾರ್ ಜೋರ ಐತಿ ಬೇ" ಎಂದು, ನಿನ್ನೊಬ್ಬಳನ್ನು ಮನೆ ಕಾಯಲು ಬಿಟ್ಟು ಉಳಿದ ಹೆಂಗಸರನ್ನೆಲ್ಲ ತುಂಬಿಕೊಂಡು ಹೊರಟ ನಿನ್ನ ಗಂಡ ಅಮೋಘಿ, ಆರತಿ ಮುಗಿದ ಮೇಲೆ ಬಂದು ಮುಟ್ಟಿದ.

ಈಗ ಅವನದೇ ಹಟ: "ಯವ್ವಾ, ಹೊಳ್ಳಿ ಹೋಗೂಮುಂದ ನಾನೂ ರೈಲಿಗೇ ಬರ್ತೇನಿ."

"ಕಾರೇನು ನಡಕೊಂತ ಬರತೈತೇನಲೇ?" ಎಂದೆ.

ರೈಲಿನಲ್ಲಿ ಕಾಲು ಚಾಚಿ ಕೂತು ಬಂದದ್ದಕ್ಕೆ ನನ್ನ ಮೊಣಕಾಲು ಊದಿಲ್ಲ. ಹೆಂಗಸರಿಗೆಲ್ಲ ನಾಳೆಯ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ನಮ್ಮನ್ನು ಸೊಲ್ಲಾಪುರ ಸ್ಟೇಷನ್ನಿನಿಂದ ಊರಿಗೆ ಕರೆದೊಯ್ಯಲು ಅಮೋಘಿಯನ್ನು ಖಾಲಿ ಕಾರಿನಲ್ಲಿ ಇಂದೇ ಕಳುಹಿಸಿಬಿಟ್ಟೆ.